ಟೋಪಿ, ಮಫ್ಲರ್, ಮಗುವಿನ ಕುಲಾವಿ: ಉಚಿತ ಹೆಣಿಗೆ ಪ್ಯಾಟರ್ನ್‌ಗಳಲ್ಲಿ ಯಾವುದನ್ನು ಆರಿಸಬೇಕು?

ಉಚಿತ ಪ್ಯಾಟರ್ನ್‌ನಲ್ಲಿ ಪುಕ್ಕಟೆ ಸಿಗುವುದು ಸೂಚನೆ ಮಾತ್ರ. ಉಲ್ಲನ್‌ಗೆ ದುಡ್ಡು ಬೇಕು, ಹೆಣೆಯಲು ಹತ್ತಾರು ಸಂಜೆಗಳು ಬೇಕು. ಹಾಗಾಗಿ ಕೆಟ್ಟ ಪ್ಯಾಟರ್ನ್ ಉಚಿತವಾಗಿ ಸಿಕ್ಕರೂ ದುಬಾರಿಯೇ. ಸಾಲುಸಾಲು ಟೋಪಿ, ಮಫ್ಲರ್, ಕುಲಾವಿಗಳು ಕಣ್ಣೆದುರಿಗೆ ಬಂದಾಗ ಹೆಚ್ಚಿನವರು ಫೋಟೊ ನೋಡಿ ಆರಿಸುತ್ತಾರೆ. ಫೋಟೊ ನೋಡುವುದು ಕೊನೆಗಿರಲಿ. ನಿಮ್ಮ ಕೈಯಲ್ಲಿ ಅಳತೆ ತುಸು ತಪ್ಪಿದರೆ ಆ ವಸ್ತು ತಡೆದುಕೊಳ್ಳುತ್ತದೆಯೇ ಎಂಬುದನ್ನು ಮೊದಲು ಕೇಳಿಕೊಳ್ಳಿ. ಮಫ್ಲರ್ ತಡೆದುಕೊಳ್ಳುತ್ತದೆ. ಟೋಪಿ ತಡೆದುಕೊಳ್ಳುವುದಿಲ್ಲ. ಮಗುವಿನ ಉಡುಪಿನಲ್ಲಿ ಅಳತೆಗೂ ಮೊದಲು ಸುರಕ್ಷತೆ, ಒಗೆತದ ಲೆಕ್ಕ ಬರುತ್ತದೆ.

ಮುಂದೆ ಕಡ್ಡಿಯ ಮೇಲಿನ ಒಂದೊಂದು ಸ್ಟಿಚ್ಚನ್ನೂ ಕುಣಿಕೆ ಎಂದು ಕರೆದಿದ್ದೇವೆ. ಸೀದಾ ಎಂದರೆ ನಿಟ್, ಮುಂದೆ ನುಣುಪಾಗಿ ಕಾಣುವ ಕುಣಿಕೆ. ಉಲ್ಟಾ ಎಂದರೆ ಪರ್ಲ್, ಮುಂದೆ ಗಂಟಿನಂತೆ ಉಬ್ಬುವ ಕುಣಿಕೆ. ಏರಿಸುವುದು ಎಂದರೆ ಶುರುವಿನಲ್ಲಿ ಕಡ್ಡಿಯ ಮೇಲೆ ಕುಣಿಕೆ ಹಾಕಿಕೊಳ್ಳುವುದು, ಇಳಿಸುವುದು ಎಂದರೆ ಕುಣಿಕೆ ಕಡಿಮೆ ಮಾಡುವುದು.

ಮೊದಲು ಕಾಗದವನ್ನೇ ಪರೀಕ್ಷಿಸಿ

ನಂಬಬಹುದಾದ ಪ್ಯಾಟರ್ನ್‌ನಲ್ಲಿ ಐದು ಸಂಗತಿಗಳು ಇದ್ದೇ ಇರುತ್ತವೆ: ಗೇಜ್, ಅಂದರೆ 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ, ಎಷ್ಟು ಸಾಲು; ನೂಲಿನ ದಪ್ಪ ಮತ್ತು ಎಷ್ಟು ಮೀಟರ್ ಬೇಕು; ಕಡ್ಡಿಯ ಅಳತೆ ಮಿಲಿಮೀಟರಿನಲ್ಲಿ; ಮುಗಿದ ವಸ್ತುವಿನ ಅಳತೆ; ಕುಣಿಕೆ ಹೆಚ್ಚಿಸಿದ ಅಥವಾ ಇಳಿಸಿದ ಪ್ರತಿ ಸಾಲಿನ ಕೊನೆಗೆ ಕಡ್ಡಿಯ ಮೇಲೆ ಎಷ್ಟು ಉಳಿಯಬೇಕೆಂಬ ಲೆಕ್ಕ. ಮಫ್ಲರ್ ಆದರೆ ಗೇಜ್ ಇಲ್ಲದಿದ್ದರೂ ನಡೆದೀತು. ಟೋಪಿ, ಸ್ವೆಟರ್‌ಗಳಿಗೆ ಗೇಜ್ ಕೊಡದ ಪ್ಯಾಟರ್ನ್ ಹಾಕಿಕೊಂಡರೆ ಅದು ಯಾರ ತಲೆಗೆ ಆಗುತ್ತದೋ ಹೇಳಲಾಗದು.

‘ಒಂದು ಉಂಡೆ ನೂಲು ಸಾಕು’ ಎಂದು ಬರೆದಿದ್ದರೆ ಅದು ಅಳತೆಯಲ್ಲ. ಉಂಡೆ 25 ಗ್ರಾಮಿನದೂ ಇರುತ್ತದೆ, 100 ಗ್ರಾಮಿನದೂ ಇರುತ್ತದೆ. ಗ್ರಾಂ ಮಾತ್ರ ಹೇಳಿದ್ದರೂ ಪೂರ್ತಿಯಾಗದು, ಏಕೆಂದರೆ ಅದೇ 50 ಗ್ರಾಂ ಹತ್ತಿ ನೂಲು ಅದೇ ದಪ್ಪದ ಅಕ್ರಿಲಿಕ್‌ಗಿಂತ ಉದ್ದದಲ್ಲಿ ಕಡಿಮೆ ಬರುತ್ತದೆ. ಮೀಟರ್ ಲೆಕ್ಕವೇ ಭದ್ರ.

ಕಡ್ಡಿಯ ನಂಬರು ಮೋಸ ಹೋಗುವ ಇನ್ನೊಂದು ಜಾಗ. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ನಂಬರು ಏರಿದಂತೆ ಕಡ್ಡಿ ಸಣ್ಣದಾಗುತ್ತದೆ, ಅಮೆರಿಕದ ಪದ್ಧತಿಯಲ್ಲಿ ನಂಬರು ಏರಿದಂತೆ ದಪ್ಪವಾಗುತ್ತದೆ. ‘10 ನಂಬರಿನ ಕಡ್ಡಿ’ ಎಂದರೆ ಬ್ರಿಟಿಷ್ ಲೆಕ್ಕದಲ್ಲಿ 3.25 ಮಿ.ಮೀ., ಅಮೆರಿಕದ ಲೆಕ್ಕದಲ್ಲಿ 6 ಮಿ.ಮೀ. ಕುಲಾವಿಗೆ ಹೇಳಿದ 10 ನಂಬರನ್ನು ಅಮೆರಿಕದ್ದೆಂದು ಓದಿದರೆ ಬರುವುದು ಬಲೆ. 4 ಮಿ.ಮೀ. ಕಡ್ಡಿ ಬ್ರಿಟಿಷ್ 8, ಅಮೆರಿಕದ 6. 5 ಮಿ.ಮೀ. ಬ್ರಿಟಿಷ್ 6, ಅಮೆರಿಕದ 8. ಎರಡೂ ಅದಲುಬದಲಾಗಿ ಕೂತಿರುವುದರಿಂದ ಇಲ್ಲಿ ಎಡವುವವರೇ ಹೆಚ್ಚು. ಮಿಲಿಮೀಟರ್ ಕೊಡದಿದ್ದರೆ ಗೇಜ್ ನೋಡಿ ಯಾವ ಪದ್ಧತಿ ಎಂದು ಊಹಿಸಬಹುದು. ಎರಡೂ ಇಲ್ಲದ ಪ್ಯಾಟರ್ನ್ ಬಿಟ್ಟುಬಿಡಿ.

ನೂಲಿನ ದಪ್ಪಕ್ಕೂ ಹೀಗೇ ಎರಡು ಮೂರು ಹೆಸರುಗಳಿವೆ. ಡಿಕೆ (ಡಬಲ್ ನಿಟಿಂಗ್) ಎನ್ನುವ ನೂಲನ್ನೇ ಕೆಲವೆಡೆ 8 ಪ್ಲೈ ಎನ್ನುತ್ತಾರೆ. ಅದು 10 ಸೆಂ.ಮೀ.ಗೆ 21ರಿಂದ 24 ಕುಣಿಕೆ ಬರುವ ನೂಲು, 3.75ರಿಂದ 4.5 ಮಿ.ಮೀ. ಕಡ್ಡಿಗೆ ಸರಿ. ವರ್ಸ್ಟೆಡ್ ಅಥವಾ 10 ಪ್ಲೈ ಅದಕ್ಕಿಂತ ದಪ್ಪ, 16ರಿಂದ 20 ಕುಣಿಕೆ, 4.5ರಿಂದ 5.5 ಮಿ.ಮೀ. ಕಡ್ಡಿ. ಫಿಂಗರಿಂಗ್ ಅಥವಾ 4 ಪ್ಲೈ ತೆಳು, 27ರಿಂದ 32 ಕುಣಿಕೆ. ಇಲ್ಲಿ ಪ್ಲೈ ಎಂದರೆ ನೂಲನ್ನು ಬಿಡಿಸಿ ಎಳೆ ಎಣಿಸಿದ ಲೆಕ್ಕವಲ್ಲ, ದಪ್ಪದ ಹೆಸರು ಅಷ್ಟೇ. ನಾಲ್ಕೇ ಎಳೆಯ ದಪ್ಪ ನೂಲೂ ಇರುತ್ತದೆ.

ಇನ್ನು ಗಣಿತ. ಏರಿಸುವ ಕುಣಿಕೆಗಳನ್ನು ಗೇಜಿನಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ ಅಗಲ ಸೆಂಟಿಮೀಟರಿನಲ್ಲಿ ಬರಬೇಕು. 100 ಕುಣಿಕೆ, 10 ಸೆಂ.ಮೀ.ಗೆ 20 ಗೇಜ್ ಎಂದಿದ್ದರೆ ಸುತ್ತಳತೆ 50. ಪ್ಯಾಟರ್ನ್ 56 ಎಂದು ಹೇಳುತ್ತಿದ್ದರೆ ಎಲ್ಲೋ ತಪ್ಪಿದೆ. ಇಳಿಕೆಯ ಸಾಲನ್ನೂ ಹೀಗೇ ಕೂಡಿಸಿ ನೋಡಿ: ‘10 ಸೀದಾ, 2 ಸೇರಿಸಿ ಒಂದು’ ಎಂದು ಸುತ್ತಿಡೀ ಮಾಡಬೇಕಾದರೆ ಕುಣಿಕೆಗಳು 12ರ ಮಡಿಯಲ್ಲಿರಬೇಕು. 96 ಇದ್ದರೆ 88 ಉಳಿಯುತ್ತದೆ. 100 ಇದ್ದರೆ ಕೊನೆಗೆ ನಾಲ್ಕು ಅಡ್ಡ ಉಳಿಯುತ್ತವೆ. ಎರಡು ನಿಮಿಷದ ಈ ಲೆಕ್ಕ ಈಗ ಮೊದಲಿಗಿಂತ ಮುಖ್ಯ, ಏಕೆಂದರೆ ಯಂತ್ರವೇ ಬರೆದ, ಯಾರೂ ಹೆಣೆದು ನೋಡದ ಪ್ಯಾಟರ್ನ್‌ಗಳು ಚೆಂದದ ಚಿತ್ರ ಹೊತ್ತು ಓಡಾಡುತ್ತಿವೆ. ಚಿತ್ರವನ್ನು ದೊಡ್ಡದು ಮಾಡಿ ಒಂದೇ ಕುಣಿಕೆಯ ಕಂಬವನ್ನು ಕೆಳಗಿನಿಂದ ಮೇಲಕ್ಕೆ ಕಣ್ಣಲ್ಲೇ ಹಿಂಬಾಲಿಸಿ. ಇಳಿಕೆಯೇ ಇಲ್ಲದ ಕಡೆ ಅದು ಮಾಯವಾದರೆ, ಕೇಬಲ್ ಜಡೆ ಇನ್ನೊಂದರೊಳಗೆ ಕರಗಿಹೋದರೆ ಆ ವಸ್ತುವನ್ನು ಯಾರೂ ಹೆಣೆದಿಲ್ಲ.

ಮೊದಲ ಹೆಣಿಗೆಗೆ ಟೋಪಿಯೋ, ಮಫ್ಲರೋ?

ಹೊಸಬರಿಗೆ ಮಫ್ಲರ್ ಹಾಕಿ ಎನ್ನುವುದು ವಾಡಿಕೆ. ನಮ್ಮ ಅಭಿಪ್ರಾಯ ಬೇರೆ. ದೊಡ್ಡವರ ಮಫ್ಲರ್ ಎಂದರೆ 15ರಿಂದ 20 ಸೆಂ.ಮೀ. ಅಗಲ, 150ರಿಂದ 180 ಸೆಂ.ಮೀ. ಉದ್ದ, ವರ್ಸ್ಟೆಡ್ ನೂಲಿನಲ್ಲಿ 300ರಿಂದ 400 ಮೀಟರ್. ಒಂದೇ ಸಾಲನ್ನು ಮುನ್ನೂರಕ್ಕೂ ಹೆಚ್ಚು ಸಲ ಮಾಡಬೇಕು. ಮೊಳದುದ್ದ ಆಗುವಷ್ಟರಲ್ಲಿ ಬೇಸರ ಬಂದು ಕಡ್ಡಿ ಸಮೇತ ಚೀಲ ಸೇರುತ್ತದೆ. ಅದೂ ಅಲ್ಲದೆ ಹೊಸಬರ ಕೈ ಬಿಗಿತ ಮೊದಲ ಸಂಜೆ ಒಂದು, ಹತ್ತನೇ ಸಂಜೆ ಇನ್ನೊಂದು. ಮಫ್ಲರಿನ ಒಂದು ತುದಿ ಇನ್ನೊಂದಕ್ಕಿಂತ ಎರಡು ಬೆರಳು ಅಗಲವಾಗುವುದು ಇದರಿಂದಲೇ.

ಟೋಪಿಗೆ ಬೇಕಾದದ್ದು ಅದೇ ನೂಲಿನಲ್ಲಿ 120ರಿಂದ 180 ಮೀಟರ್. ಸೀದಾ, ಉಲ್ಟಾ, ಸುತ್ತು ಸೇರಿಸುವುದು, ಕುಣಿಕೆ ಇಳಿಸುವುದು, ಎಲ್ಲವೂ ಒಂದರಲ್ಲೇ ಕಲಿತಂತಾಗುತ್ತದೆ, ಬೇಸರ ಬರುವ ಮೊದಲೇ ಮುಗಿಯುತ್ತದೆ. ಬದಲಿಗೆ ಟೋಪಿ ಕೇಳುವುದು ಗೇಜಿನ ಶಿಸ್ತನ್ನು. 10 ಸೆಂ.ಮೀ.ಗೆ 20 ಬರಬೇಕಾದಲ್ಲಿ ನಿಮ್ಮ ಕೈಯಲ್ಲಿ 18 ಬಂದರೆ ಆ 100 ಕುಣಿಕೆಯ ಟೋಪಿ 50ರ ಬದಲು 55.6 ಸೆಂ.ಮೀ. ಆಗಿ ಕಣ್ಣಿನ ಮೇಲೆ ಜಾರುತ್ತದೆ. 22 ಬಂದರೆ 45.5ಕ್ಕೆ ಇಳಿದು ಹಣೆ ಬಿಗಿಯುತ್ತದೆ. ಎರಡು ಕುಣಿಕೆಯ ವ್ಯತ್ಯಾಸ ನೋಡಲು ಸಣ್ಣದು, ತಲೆಗೆ ದೊಡ್ಡದು.

ಸ್ಯಾಂಪಲ್ ಚೌಕ ಹೆಣೆಯಲು ಬೇಸರವಾದರೆ ಟೋಪಿಯನ್ನೇ ಶುರು ಮಾಡಿ 5 ಸೆಂ.ಮೀ. ಆದಮೇಲೆ ಅಳೆದು ನೋಡಿ ಎಂಬ ಸಲಹೆ ಕೇಳಿರಬಹುದು. ಅಕ್ರಿಲಿಕ್‌ಗೆ ಸರಿ. ಮಷಿನ್‌ನಲ್ಲಿ ಒಗೆಯಬಹುದಾದ ಸೂಪರ್‌ವಾಶ್ ಉಣ್ಣೆಗೆ ಮಾತ್ರ ಇದು ಮೋಸ, ಏಕೆಂದರೆ ಅದು ಒಗೆದ ಮೇಲೆ ಸಡಿಲಗೊಂಡು ಹಿಗ್ಗುತ್ತದೆ. ಅಂಥ ನೂಲಿಗೆ 15 ಸೆಂ.ಮೀ. ಚೌಕ ಹೆಣೆದು, ಒಗೆದು, ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ. ಅಳೆಯಿರಿ.

ಅಷ್ಟಾಗಿಯೂ ಮಫ್ಲರೇ ಬೇಕೆಂದರೆ ದಪ್ಪ ನೂಲಿನ ಸುತ್ತುಮಫ್ಲರ್ ಆರಿಸಿ. ಎರಡು ತುದಿ ಹೊಲಿದು ಕತ್ತಿಗೆ ಒಂದೇ ಸುತ್ತು ಬರುವಂಥದ್ದಕ್ಕೆ 60ರಿಂದ 70 ಸೆಂ.ಮೀ. ಉದ್ದ ಸಾಕು.

ಟೋಪಿಯಲ್ಲಿ ಯಾವ ಬಗೆ

ಉಚಿತ ಟೋಪಿ ಪ್ಯಾಟರ್ನ್‌ಗಳು ಎರಡು ಜಾತಿ. ಎರಡು ನೇರ ಕಡ್ಡಿಯಲ್ಲಿ ಚಪ್ಪಟೆಯಾಗಿ ಹೆಣೆದು ಹಿಂದೆ ಹೊಲಿಯುವುದು ಒಂದು, ಸುತ್ತಾಗಿ ಹೆಣೆಯುವುದು ಇನ್ನೊಂದು. ನೇರ ಕಡ್ಡಿ ಮಾತ್ರ ಇದ್ದರೆ ಮೊದಲನೆಯದು. ಆದರೆ ಹೊಲಿಗೆ ರಿಬ್ಬಿನ, ಅಂದರೆ ಸೀದಾ ಉಲ್ಟಾ ಗೆರೆಗಳ ಹಿಗ್ಗುವ ಪಟ್ಟಿಯ ಮೇಲೆ ಹಾದು ಹೋಗುವುದರಿಂದ ಅಂಚು ಅಲ್ಲಿ ಹಿಗ್ಗುವುದಿಲ್ಲ, ಹೊಲಿಗೆ ಬಿಗಿಯಾದರೆ ಗೀರುತ್ತದೆ. ಪ್ಯಾಟರ್ನ್ ಎರಡು ಅಂಚಿನಲ್ಲೂ ಹೊಲಿಗೆಗೆಂದು ಒಂದೊಂದು ಕುಣಿಕೆ ಹೆಚ್ಚು ಕೊಟ್ಟಿದೆಯೇ ನೋಡಿ. ಕೊಡದಿದ್ದರೆ ರಿಬ್ಬಿನ ವಿನ್ಯಾಸ ಹೊಲಿಗೆಯಲ್ಲಿ ಒಡೆಯುತ್ತದೆ.

ಸುತ್ತಾಗಿ ಹೆಣೆಯಲು 50 ಸೆಂ.ಮೀ. ಟೋಪಿಗೆ 40 ಸೆಂ.ಮೀ.ನ ಸರ್ಕ್ಯುಲರ್ ಕಡ್ಡಿ, ಅಂದರೆ ಬಳುಕುವ ತಂತಿಯಿಂದ ಜೋಡಿಸಿದ ಎರಡು ಮೊನೆಯ ಕಡ್ಡಿ ಬೇಕು. ಟೋಪಿಗಿಂತ ಕಡ್ಡಿ ಚಿಕ್ಕದಿರಬೇಕು, ಸಮವಿದ್ದರೆ ಕುಣಿಕೆಗಳು ಎಳೆದು ನಿಲ್ಲುತ್ತವೆ. ನೆತ್ತಿಯ ಹತ್ತಿರ ಕುಣಿಕೆ ಇಳಿದಂತೆ 40ರ ಕಡ್ಡಿಯೂ ಉದ್ದವಾಗಿ ಎರಡು ಮೊನೆಯ ಕಡ್ಡಿಗಳಿಗೆ ಬದಲಿಸಬೇಕಾಗುತ್ತದೆ. 80 ಅಥವಾ 100 ಸೆಂ.ಮೀ. ಕಡ್ಡಿಯಲ್ಲಿ ಮ್ಯಾಜಿಕ್ ಲೂಪ್ ಮಾಡುವವರಿಗೆ, ಅಂದರೆ ಉದ್ದದ ತಂತಿಯನ್ನು ಕುಣಿಕೆಗಳ ನಡುವೆ ಹೊರಗೆಳೆದು ಸಣ್ಣ ಸುತ್ತು ಹೆಣೆಯುವವರಿಗೆ, ಈ ಬದಲಾವಣೆ ಬೇಡ, ಒಂದೇ ಕಡ್ಡಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಆಗುತ್ತದೆ. ಮೊದಲ ಕಡ್ಡಿ ಕೊಳ್ಳುವವರಿಗೆ ಅದನ್ನೇ ಹೇಳುತ್ತೇವೆ.

ಸುತ್ತು ಸೇರಿಸುವಾಗ ಏರಿಸಿದ ಸಾಲು ಕಡ್ಡಿಯ ಮೇಲೆ ತಿರುಚಿಕೊಂಡಿದ್ದರೆ ಟೋಪಿ ಕೊನೆಯವರೆಗೂ ತಿರುಚಿಯೇ ಇರುತ್ತದೆ, ಬಿಚ್ಚದೆ ಗತಿಯಿಲ್ಲ. ಇದನ್ನು ತಪ್ಪಿಸಲು ಮೊದಲ ಸಾಲನ್ನು ಚಪ್ಪಟೆಯಾಗಿಯೇ ಹೆಣೆದು, ಎರಡನೇ ಸಾಲಿಗೆ ಸೇರಿಸಿ. ಒಂದು ಸಾಲಿನಷ್ಟು ಬಟ್ಟೆ ಬಂದರೆ ತಿರುಚಿದ್ದು ಕಣ್ಣಿಗೆ ಕಾಣುತ್ತದೆ. ಕೆಳಗೆ ಉಳಿದ ಸಣ್ಣ ಸೀಳನ್ನು ಆರಂಭದ ನೂಲಿನ ತುದಿಯಿಂದಲೇ ಹೊಲಿದರಾಯಿತು.

ಟೋಪಿ ತಲೆಗಿಂತ ಚಿಕ್ಕದಿರಬೇಕು. ತಲೆಯ ಸುತ್ತಳತೆ 56 ಇದ್ದರೆ ಟೋಪಿ 50ರಿಂದ 52. ಪ್ಯಾಟರ್ನ್ ‘56 ಸೆಂ.ಮೀ.’ ಎಂದು ಹೇಳಿದಾಗ ಅದು ತಲೆಯ ಅಳತೆಯೋ, ಮುಗಿದ ಟೋಪಿಯದ್ದೋ ಎಂದು ಖಚಿತ ಮಾಡಿಕೊಳ್ಳಿ. ಇದನ್ನು ಬಿಡಿಸಿ ಹೇಳದ ಪ್ಯಾಟರ್ನ್‌ಗಳೇ ಹೆಚ್ಚು. ಗೇಜಿನ ಗಣಿತ ಮಾಡಿದರೆ ಉತ್ತರ ಸಿಗುತ್ತದೆ.

ಅಂಚಿಗೆ 2 ಸೀದಾ 2 ಉಲ್ಟಾ ರಿಬ್ ಇರುವುದು ಎಲ್ಲಕ್ಕಿಂತ ಹೊಂದಿಕೊಳ್ಳುವ ಬಗೆ. ಅಂಚು ತಾನೇ ಸುರುಳಿ ಸುತ್ತುವ ಸಾದಾ ಟೋಪಿ ಹೆಣೆಯಲು ಸುಲಭ, ಆದರೆ ಸುರುಳಿ 2–3 ಸೆಂ.ಮೀ. ನುಂಗುತ್ತದೆ, ಅಷ್ಟು ಎತ್ತರ ಹೆಚ್ಚು ಹೆಣೆಯದಿದ್ದರೆ ಕಿವಿ ಹೊರಗೆ ಉಳಿಯುತ್ತದೆ. ಪೂರ್ತಿ ರಿಬ್ಬಿನ ಟೋಪಿ ಗೇಜ್ ತಪ್ಪನ್ನು ಎಲ್ಲಕ್ಕಿಂತ ಚೆನ್ನಾಗಿ ಮುಚ್ಚುತ್ತದೆ. ಯಾರಿಗೆ ಕೊಡುತ್ತೀರೋ ಅವರ ತಲೆಯ ಅಳತೆ ಗೊತ್ತಿಲ್ಲದಿದ್ದರೆ ಅದೇ ಸರಿ. ಕೇಬಲ್ ಜಡೆಗಳು ಬಟ್ಟೆಯನ್ನು ಒಳಗೆಳೆಯುವುದರಿಂದ ಅಂಥ ಪ್ಯಾಟರ್ನ್‌ನ ಗೇಜನ್ನು ಕೇಬಲ್‌ನಲ್ಲೇ ಅಳೆಯಬೇಕು, ಸಾದಾ ಚೌಕದಲ್ಲಲ್ಲ.

ಮಫ್ಲರಿನಲ್ಲಿ ನೇಯ್ಗೆಯೇ ಎಲ್ಲ

ಮಫ್ಲರ್ ಪ್ಯಾಟರ್ನ್ ಆರಿಸುವಾಗ ನೋಡಬೇಕಾದ್ದು ಎರಡು: ಅಂಚು ಸುತ್ತಿಕೊಳ್ಳುತ್ತದೆಯೇ, ಹಿಂಬದಿ ನೋಡುವಂತಿದೆಯೇ. ಮಫ್ಲರಿನ ಎರಡು ಮುಖವೂ ಹೊರಗೆ ಕಾಣುತ್ತದೆ.

ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಮಾಡುವ ಸ್ಟಾಕಿನೆಟ್‌ನಲ್ಲಿ ಮುಖ ನುಣುಪು, ಫೋಟೊದಲ್ಲಿ ಚೆಂದ. ಆದರೆ ಬದಿಯ ಅಂಚುಗಳು ಹಿಂದಕ್ಕೆ, ಮೇಲೆ ಕೆಳಗಿನವು ಮುಂದಕ್ಕೆ ಸುತ್ತಿಕೊಂಡು ಮಫ್ಲರ್ ಕೊಳವೆಯಾಗುತ್ತದೆ. ಒದ್ದೆ ಮಾಡಿ ಪಿನ್ ಹಾಕಿ ಒಣಗಿಸಿದರೂ ಒಂದೆರಡು ದಿನಕ್ಕೆ ಮತ್ತೆ ಸುತ್ತುತ್ತದೆ. ಬದಿಗೆ ಮೂರು ಕುಣಿಕೆಯ ಗಾರ್ಟರ್ (ಎಲ್ಲ ಸಾಲೂ ಸೀದಾ) ಅಂಚು ಹಾಕಿದರೆ ಸುತ್ತುವ ಬದಲು ಮಡಚಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಅಗಲವಾದ ಸ್ಟಾಕಿನೆಟ್ ಮಫ್ಲರ್ ಪ್ಯಾಟರ್ನ್ ಎಷ್ಟೇ ಮುದ್ದಾಗಿ ಕಂಡರೂ ಬೇಡ.

ಎಲ್ಲ ಸಾಲೂ ಸೀದಾ ಇರುವ ಗಾರ್ಟರ್ ಸುತ್ತಿಕೊಳ್ಳುವುದಿಲ್ಲ, ಎರಡು ಮುಖವೂ ಒಂದೇ. ನೂಲು ಹೆಚ್ಚು ತಿನ್ನುತ್ತದೆ, ತೂಕಕ್ಕೆ ಉದ್ದಕ್ಕೆ ಜಗ್ಗುತ್ತದೆ. ಒಂದೊಂದೇ ಸೀದಾ ಉಲ್ಟಾ ಅದಲುಬದಲಾಗಿ ಬರುವ ಸಾಬಕ್ಕಿ ಹರಳಿನಂಥ ನೇಯ್ಗೆಯೂ ಚಪ್ಪಟೆಯಾಗಿ ಕೂರುತ್ತದೆ, ಆದರೆ ಪ್ರತಿ ಕುಣಿಕೆಗೂ ನೂಲನ್ನು ಮುಂದೆ ಹಿಂದೆ ಮಾಡಬೇಕಾದ್ದರಿಂದ ನಿಧಾನ. ಹೆಸರಿನಲ್ಲಿ ಒಂದು ಎಡವಟ್ಟಿದೆ: ಬ್ರಿಟಿಷರು ಇದನ್ನು ಮಾಸ್ ಸ್ಟಿಚ್ ಎನ್ನುತ್ತಾರೆ, ಅಮೆರಿಕದವರು ಸೀಡ್ ಸ್ಟಿಚ್. ಅಮೆರಿಕದ ಮಾಸ್ ಸ್ಟಿಚ್ ಎರಡೆರಡು ಸಾಲಿಗೆ ಬದಲಾಗುವ ಬೇರೆ ನೇಯ್ಗೆ.

ನಮ್ಮ ಆಯ್ಕೆ ಕೇಳಿದರೆ ತಪ್ಪುರಿಬ್ ಎಂದು ಕರೆಯಬಹುದಾದ ಒಂದು ನೇಯ್ಗೆ. ಕುಣಿಕೆಗಳು 4ರ ಮಡಿ, ಜೊತೆಗೆ 3. ಪ್ರತಿ ಸಾಲೂ ಒಂದೇ: 2 ಸೀದಾ, 2 ಉಲ್ಟಾ ಎಂದು ಹೋಗಿ ಕೊನೆಯ ಮೂರರಲ್ಲಿ 2 ಸೀದಾ, 1 ಉಲ್ಟಾ. ಒಂದು ಕುಣಿಕೆ ಸರಿದು ಬರುವುದರಿಂದ ಎರಡು ಮುಖದಲ್ಲೂ ಉಬ್ಬಿದ ಗೆರೆ ಏಳುತ್ತದೆ, ಅಂಚು ನೆಟ್ಟಗಿರುತ್ತದೆ, ನೆನಪಿಡಬೇಕಾದ್ದು ಒಂದೇ ಸಾಲು. ವರ್ಸ್ಟೆಡ್ ನೂಲು, 5.5 ಮಿ.ಮೀ. ಕಡ್ಡಿ, 39 ಅಥವಾ 43 ಕುಣಿಕೆ. ಗೆರೆ ಒಂದು ಕಡೆ ಒಡೆದು ಕಂಡರೆ ಆ ಸಾಲಿನಲ್ಲಿ ಒಂದು ಕುಣಿಕೆ ಬಿದ್ದಿದೆ ಅಥವಾ ಹೆಚ್ಚಾಗಿದೆ. ಅಲ್ಲೇ ನಿಂತು ಎಣಿಸಿ.

ಹೊಸಬರ ಮಫ್ಲರ್ ಅಗಲವಾಗುತ್ತಾ ಹೋಗುವುದಕ್ಕೆ ಸಾಲಿನ ಮೊದಲ ಕುಣಿಕೆಯೇ ಸಾಮಾನ್ಯ ಕಾರಣ. ನೂಲನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದಾಗ ಆ ಕುಣಿಕೆಯ ಎರಡು ಕಾಲೂ ಮೇಲೆ ಬಂದು ಎರಡು ಕುಣಿಕೆಯಂತೆ ಕಾಣುತ್ತವೆ, ಎರಡನ್ನೂ ಹೆಣೆದುಬಿಡುತ್ತೇವೆ. ನೂಲು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ಹೋಗಬೇಕು.

ನೂಲು ಎಷ್ಟು ಬೇಕೆಂದು ಪ್ಯಾಟರ್ನ್ ಹೇಳದಿದ್ದರೆ ಸ್ಯಾಂಪಲ್ ಚೌಕವನ್ನೇ ತೂಗಿ. 18 ಸೆಂ.ಮೀ. ಅಗಲ, 170 ಸೆಂ.ಮೀ. ಉದ್ದದ ಮಫ್ಲರ್ 3060 ಚದರ ಸೆಂ.ಮೀ. ಅಂದರೆ 10 ಸೆಂ.ಮೀ. ಚೌಕಗಳು ಮೂವತ್ತು ಚಿಲ್ಲರೆ. ಚೌಕ 6 ಗ್ರಾಂ ತೂಗಿದರೆ ಮಫ್ಲರಿಗೆ ಸುಮಾರು 184 ಗ್ರಾಂ. ಹತ್ತಕ್ಕೊಂದರಷ್ಟು ಹೆಚ್ಚು ತೆಗೆದುಕೊಳ್ಳಿ, ಎಲ್ಲವೂ ಒಂದೇ ಡೈ ಲಾಟ್ ನಂಬರಿನದ್ದಾಗಿರಲಿ, ಅಂದರೆ ಒಂದೇ ಸಲ ಬಣ್ಣ ಹಾಕಿದ್ದಾಗಿರಲಿ. ಬೇರೆ ಲಾಟಿನ ಅದೇ ಬಣ್ಣ ಉಂಡೆಯಲ್ಲಿ ಒಂದೇ ಎನಿಸಿದರೂ ಹೆಣೆದ ಮೇಲೆ ಪಟ್ಟೆಯಾಗಿ ಕಾಣಬಹುದು.

ಮಗುವಿನ ವಸ್ತುಗಳು

ಇಲ್ಲಿ ನೂಲಿನಿಂದ ಶುರು ಮಾಡಬೇಕು. ಸಂಸ್ಕರಿಸದ ಉಣ್ಣೆ ಮಷಿನ್‌ಗೆ ಬಿದ್ದರೆ ಜಡ್ಡುಗಟ್ಟಿ ಅರ್ಧಕ್ಕಿಳಿಯುತ್ತದೆ, ಬಾಣಂತಿಯ ಮನೆಯಲ್ಲಿ ಕೈಯಲ್ಲಿ ಒಗೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಸೂಪರ್‌ವಾಶ್ ಮೆರಿನೊ ಉಣ್ಣೆ ಬೆಚ್ಚಗೆ, ಮೃದು, ಒಗೆಯಲೂ ಸುಲಭ. ಮೃದುವಾದ ಅಕ್ರಿಲಿಕ್ ಗಟ್ಟಿಮುಟ್ಟು, ಬೇಗ ಒಣಗುತ್ತದೆ, ಆದರೆ ಬೆವರು ಹೀರುವುದಿಲ್ಲ, ಬಿಸಿ ಇಸ್ತ್ರಿ ಅಥವಾ ಜೋರು ಹಬೆ ತಾಗಿದರೆ ಪುಟಿತ ಕಳೆದುಕೊಂಡು ಜೋತುಬೀಳುತ್ತದೆ, ಮತ್ತೆ ಸರಿಹೋಗದು. ಹತ್ತಿ ಸೆಕೆಗೆ ಒಳ್ಳೆಯದು. ಹಿಗ್ಗಿದರೆ ಹಿಂದಕ್ಕೆ ಬರುವ ಗುಣ ಕಡಿಮೆಯಾದ್ದರಿಂದ ರಿಬ್ಬಿಗೆ ಬಿಗಿ ಇರುವುದಿಲ್ಲ. ಹತ್ತಿಯ ಕಾಲುಚೀಲ ಕಳಚಿ ಬೀಳುವುದು ಅದಕ್ಕೇ. ಮೊಹೇರ್, ಅಂಗೋರಾದಂಥ ಜೂಲು ನೂಲು ಫೋಟೊದಲ್ಲಿ ಎಷ್ಟೇ ಮುದ್ದಾಗಿರಲಿ, ಉದುರಿದ ಎಳೆ ಮಗುವಿನ ಬಾಯಿ ಮೂಗಿಗೆ ಹೋಗುತ್ತದೆ. ಬೇಡ.

ಆಮೇಲೆ ಪ್ಯಾಟರ್ನ್‌ನಲ್ಲಿ ತಕರಾರು ತೆಗೆಯಬೇಕಾದವು. ಗದ್ದದ ಕೆಳಗೆ ಕಟ್ಟುವ ದಾರ, ರಿಬ್ಬನ್ ಕುತ್ತಿಗೆಗೆ ಸಿಕ್ಕಿಕೊಳ್ಳಬಲ್ಲದು. ಮಕ್ಕಳ ಉಡುಪಿನ ದಾರಗಳ ಬಗ್ಗೆ ಯುರೋಪಿನಲ್ಲಿ ಇಎನ್ 14682 ಎಂಬ ಪ್ರತ್ಯೇಕ ಮಾನದಂಡವೇ ಇದೆ, ಚಿಕ್ಕ ಮಕ್ಕಳ ತಲೆ ಕುತ್ತಿಗೆಯ ಬಳಿ ಅದು ದಾರ ಒಪ್ಪುವುದಿಲ್ಲ. ಹಳೆಯ ಕುಲಾವಿ ಪ್ಯಾಟರ್ನ್‌ಗಳಲ್ಲಿ ರಿಬ್ಬನ್ ಇದ್ದೇ ಇರುತ್ತದೆ. ಅದನ್ನು ಬಿಟ್ಟು, ಅಂಚನ್ನು ರಿಬ್ಬಿಗೆ ಬದಲಿಸಿ. ಉಲ್ಲನ್ ಚೆಂಡು, ಮಣಿ, ಸಣ್ಣ ಗುಂಡಿ ಕಿತ್ತು ಬಂದರೆ ನೇರ ಬಾಯಿಗೆ. ಗುಂಡಿ ಬೇಕೇಬೇಕೆಂದರೆ ಉಲ್ಲನ್‌ನಲ್ಲಲ್ಲ, ಗಟ್ಟಿ ಹೊಲಿಗೆ ದಾರದಲ್ಲಿ ಹೊಲಿಯಿರಿ. ದೊಡ್ಡ ತೂತಿನ ಲೇಸ್ ವಿನ್ಯಾಸದಲ್ಲಿ ಬೆರಳು ಸಿಕ್ಕುತ್ತದೆ. ಎರಡು ಬಣ್ಣದ ವಿನ್ಯಾಸ ಕೈಗವಸು, ಕಾಲುಚೀಲಗಳಿಗೆ ಸಲ್ಲದು: ಒಳಗೆ ಸಡಿಲವಾಗಿ ಹಾಯುವ ನೂಲು ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಟ ನಿಲ್ಲಿಸಬಹುದು, ಮಗು ಅಳುವುದು ಯಾಕೆಂದು ಹೊರಗಿನವರಿಗೆ ತಿಳಿಯದು. ಮಲಗಿದ ಮಗುವಿಗೆ ಟೋಪಿ, ಸಡಿಲ ಹೊದಿಕೆ ಬೇಡವೆಂಬುದು ಶಿಶುತಜ್ಞರ ಮಾತು. ಹೆಣೆದದ್ದು ಎಚ್ಚರವಾಗಿರುವಾಗ, ದೊಡ್ಡವರ ಕಣ್ಣೆದುರು ಬಳಸಲು.

ಅಳತೆಗೆ ಬಂದರೆ, ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 34 ಸೆಂ.ಮೀ., ಆರು ತಿಂಗಳಿಗೆ 42–43, ವರ್ಷ ತುಂಬುವಾಗ 45–46. ಮೊದಲ ಆರು ತಿಂಗಳಲ್ಲೇ 8–9 ಸೆಂ.ಮೀ. ಬೆಳೆಯುತ್ತದೆ. ಹಾಗಾಗಿ ‘ಮಗುವಿನ ಟೋಪಿ, ಒಂದೇ ಅಳತೆ’ ಎಂದು ಹೇಳುವ ಪ್ಯಾಟರ್ನ್ ಯಾವ ಮಗುವಿಗೂ ಹೆಚ್ಚು ದಿನ ಆಗದು.

ಕುಲಾವಿ, ಕಾಲುಚೀಲ, ಹೊದಿಕೆ, ಸ್ವೆಟರ್, ಈ ನಾಲ್ಕರಲ್ಲಿ ಯಾವುದು? ಒಂದೆರಡು ಸಂಜೆಯಲ್ಲಿ ಮುಗಿಯಬೇಕಾದರೆ ಕುಲಾವಿ. ಕಾಲುಚೀಲಕ್ಕೆ ನೂಲು 25 ಗ್ರಾಂ ಸಾಕು, ಆದರೆ ಒಂದೇ ಅಳತೆಯ ಎರಡು ಮಾಡಬೇಕು, ಸಣ್ಣ ಜಾಗದಲ್ಲಿ ಹೆಚ್ಚಿಸುವುದು ಇಳಿಸುವುದು ತುಂಬ. ಪ್ಯಾಟರ್ನ್ ಆರಿಸುವಾಗ ಪಾದಕ್ಕಿಂತ ಕಣಕಾಲು ನೋಡಿ. ಅಲ್ಲಿ 5–6 ಸೆಂ.ಮೀ. ಎತ್ತರದ ರಿಬ್ ಇದ್ದರೆ ಕಾಲಿನಲ್ಲಿ ನಿಲ್ಲುತ್ತದೆ. ಗಿಡ್ಡ ಶೂ ಆಕಾರದವು ಒಂದು ಒದೆತಕ್ಕೆ ಹಾರಿಹೋಗುತ್ತವೆ.

ಹೊದಿಕೆಗೆ ಮೂಲೆಯಿಂದ ಮೂಲೆಗೆ ಹೆಣೆಯುವ ಗಾರ್ಟರ್ ಪ್ಯಾಟರ್ನ್‌ನಷ್ಟು ನಿಶ್ಚಿಂತೆಯದು ಇನ್ನೊಂದಿಲ್ಲ. 3 ಕುಣಿಕೆಯಿಂದ ಶುರು. ಪ್ರತಿ ಸಾಲಿನಲ್ಲೂ 1 ಸೀದಾ, ಮುಂದಿನ ಒಂದೇ ಕುಣಿಕೆಯಲ್ಲಿ ಮುಂದಿನಿಂದ ಒಮ್ಮೆ ಹಿಂದಿನಿಂದ ಒಮ್ಮೆ ಹೆಣೆದು ಎರಡು ಮಾಡಿ, ಉಳಿದದ್ದು ಸೀದಾ. ನೂಲು ಅರ್ಧ ಖರ್ಚಾಗುವ ಸ್ವಲ್ಪ ಮೊದಲು ದಿಕ್ಕು ಬದಲಿಸಿ: ಪ್ರತಿ ಸಾಲಿನಲ್ಲೂ 1 ಸೀದಾ, 2 ಸೇರಿಸಿ ಒಂದು, ಉಳಿದದ್ದು ಸೀದಾ. 3 ಉಳಿದಾಗ ಕುಣಿಕೆಗಳು ಬಿಚ್ಚದಂತೆ ಮುಚ್ಚಿ. ಗೇಜ್ ಬೇಡ, ನೂಲು ಸಾಲದೆ ಹೋಗುವ ಭಯವಿಲ್ಲ, ಅರ್ಧ ಎಷ್ಟೆಂದು ತಿಳಿಯಲು ತಕ್ಕಡಿ ಸಾಕು. ಡಿಕೆ ನೂಲಿನಲ್ಲಿ 75 ಸೆಂ.ಮೀ. ಚೌಕಕ್ಕೆ 700ರಿಂದ 900 ಮೀಟರ್ ಹಿಡಿಯುತ್ತದೆ. ನಡುವಿನಲ್ಲಿ ಕುಣಿಕೆ ಇನ್ನೂರು ದಾಟಬಹುದು, 100 ಸೆಂ.ಮೀ. ಸರ್ಕ್ಯುಲರ್ ಕಡ್ಡಿ ಇಲ್ಲದೆ ಹಿಡಿಸುವುದಿಲ್ಲ.

ಸ್ವೆಟರ್ ಆದರೆ ಮುಂದೆ ತೆರೆಯುವಂಥದ್ದನ್ನೇ ಆರಿಸಿ, ತಲೆಯ ಮೇಲಿಂದ ಎಳೆಯುವುದನ್ನು ಮಕ್ಕಳು ಸಹಿಸುವುದಿಲ್ಲ. ಕುತ್ತಿಗೆಯಿಂದ ಕೆಳಕ್ಕೆ ಒಂದೇ ತುಂಡಾಗಿ ಹೆಣೆಯುವ ಪ್ಯಾಟರ್ನ್‌ನಲ್ಲಿ ಹೊಲಿಗೆ ಇಲ್ಲ, ಉದ್ದವನ್ನು ಕೊನೆಯಲ್ಲಿ ತೀರ್ಮಾನಿಸಬಹುದು, ಮಗು ಬೆಳೆದಾಗ ತೋಳು ಬಿಚ್ಚಿ ಉದ್ದ ಮಾಡಬಹುದು. ಬಿಡಿ ಭಾಗಗಳಾಗಿ ಹೆಣೆದು ಹೊಲಿಯುವ ಹಳೆಯ ಪದ್ಧತಿ ಆಕಾರ ಹೆಚ್ಚು ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ಅಷ್ಟು ಚಿಕ್ಕ ಸ್ವೆಟರಿಗೆ ಆ ಹೊಲಿಗೆಯ ಕಷ್ಟ ದಂಡ. ಹುಟ್ಟಿದ ಮಗುವಿನ ಅಳತೆಗೆ ಹೆಣೆಯಬೇಡಿ, ಕೆಲವೇ ವಾರದಲ್ಲಿ ಬಿಗಿಯಾಗುತ್ತದೆ. ಆರು ತಿಂಗಳ ಮಗುವಿನ ಎದೆ ಸುಮಾರು 43 ಸೆಂ.ಮೀ., ಸ್ವೆಟರ್ 48 ಇರಲಿ. ಆ ಆರನೇ ತಿಂಗಳು ಚಳಿಗೆ ಬೀಳುತ್ತದೆಯೇ ಸೆಕೆಗೆ ಬೀಳುತ್ತದೆಯೇ ಎಂದು ಕ್ಯಾಲೆಂಡರ್ ನೋಡಿ ನೂಲು ತೆಗೆದುಕೊಳ್ಳಿ.

ಹೋಲಿಸಿ ನೋಡಲು ಒಂದು ಕುಲಾವಿ

ಉಚಿತ ಪ್ಯಾಟರ್ನ್‌ನಲ್ಲಿ ಎಷ್ಟು ಮಾಹಿತಿ ಇರಬೇಕೆಂದು ತಿಳಿಯಲು ಇದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹೆಣೆಯಲೂಬಹುದು, ಹಂಚಲೂಬಹುದು.

ಅಳತೆ: 35ರಿಂದ 38 ಸೆಂ.ಮೀ. ತಲೆಗೆ. ಮುಗಿದ ಸುತ್ತಳತೆ 33, ಎತ್ತರ 15 ಸೆಂ.ಮೀ.
ನೂಲು: ಡಿಕೆ, 60 ಮೀಟರ್, ಸುಮಾರು 25–30 ಗ್ರಾಂ.
ಕಡ್ಡಿ: ರಿಬ್ಬಿಗೆ 3.5, ಉಳಿದದ್ದಕ್ಕೆ 4 ಮಿ.ಮೀ. ಎರಡು ಮೊನೆಯ ಐದು ಕಡ್ಡಿ, ಅಥವಾ 80 ಸೆಂ.ಮೀ. ಸರ್ಕ್ಯುಲರ್. 40 ಸೆಂ.ಮೀ. ಕಡ್ಡಿ 33 ಸೆಂ.ಮೀ. ಕುಲಾವಿಗೆ ಆಗದು.
ಗೇಜ್: ಒಗೆದ ಮೇಲೆ 10 ಸೆಂ.ಮೀ.ಗೆ 22 ಕುಣಿಕೆ, 30 ಸಾಲು.

ಸಣ್ಣ ಕಡ್ಡಿಯ ಮೇಲೆ ಸಡಿಲವಾಗಿ 72 ಕುಣಿಕೆ ಏರಿಸಿ, ತಿರುಚದಂತೆ ಸುತ್ತು ಸೇರಿಸಿ, ಆರಂಭದಲ್ಲಿ ಗುರುತು ಹಾಕಿ.
2 ಸೀದಾ 2 ಉಲ್ಟಾ ರಿಬ್ 3 ಸೆಂ.ಮೀ.
ದೊಡ್ಡ ಕಡ್ಡಿಗೆ ಬದಲಿಸಿ, ಆರಂಭದಿಂದ 11 ಸೆಂ.ಮೀ. ಆಗುವವರೆಗೆ ಎಲ್ಲ ಸುತ್ತೂ ಸೀದಾ.
ನೆತ್ತಿ: 7 ಸೀದಾ, 2 ಸೇರಿಸಿ ಒಂದು, ಸುತ್ತಿಡೀ: 64 ಉಳಿಯುತ್ತದೆ. ಒಂದು ಸುತ್ತು ಸೀದಾ.
6 ಸೀದಾ, 2 ಸೇರಿಸಿ ಒಂದು: 56. ಒಂದು ಸುತ್ತು ಸೀದಾ.
5 ಸೀದಾ, 2 ಸೇರಿಸಿ ಒಂದು: 48. ಒಂದು ಸುತ್ತು ಸೀದಾ.
4 ಸೀದಾ, 2 ಸೇರಿಸಿ ಒಂದು: 40. ಒಂದು ಸುತ್ತು ಸೀದಾ.
ಇಲ್ಲಿಂದ ಮುಂದೆ ಸಾದಾ ಸುತ್ತಿಲ್ಲ. 3 ಸೀದಾ, 2 ಸೇರಿಸಿ ಒಂದು: 32. 2 ಸೀದಾ, 2 ಸೇರಿಸಿ ಒಂದು: 24. 1 ಸೀದಾ, 2 ಸೇರಿಸಿ ಒಂದು: 16. ಎರಡೆರಡು ಸೇರಿಸಿ ಒಂದು: 8.
20 ಸೆಂ.ಮೀ. ಬಿಟ್ಟು ನೂಲು ಕತ್ತರಿಸಿ, ದಬ್ಬಣದಿಂದ ಎಂಟೂ ಕುಣಿಕೆಯೊಳಗೆ ಎರಡು ಸಲ ಹಾಯಿಸಿ ಎಳೆದು, ಒಳಗೆ ಭದ್ರ ಮಾಡಿ.

ನೆತ್ತಿ ಚೂಪಾಗಿ ನಿಂತರೆ ಸಾದಾ ಸುತ್ತುಗಳು ಹೆಚ್ಚಾಗಿವೆ. ಸುಕ್ಕುಗಟ್ಟಿದರೆ ಕಡಿಮೆಯಾಗಿವೆ. ಅಂಚು ತಲೆಗೆ ಏರದಿದ್ದರೆ ಏರಿಸಿದ ಸಾಲು ಬಿಗಿ. ಆ ಒಂದು ಸಾಲನ್ನು ಒಂದು ನಂಬರು ದಪ್ಪ ಕಡ್ಡಿಯಲ್ಲಿ ಏರಿಸಿ. ನಿಮ್ಮ ಗೇಜ್ 20 ಬಂದರೆ ಇದೇ 72 ಕುಣಿಕೆ 36 ಸೆಂ.ಮೀ. ಆಗಿ ಎರಡು ಮೂರು ತಿಂಗಳ ಮಗುವಿಗೆ ಆಗುತ್ತದೆ. 24 ಬಂದರೆ 30 ಸೆಂ.ಮೀ.ಗೆ ಇಳಿಯುತ್ತದೆ, ಆಗ 80 ಕುಣಿಕೆ ಏರಿಸಿ, ನೆತ್ತಿಯನ್ನು ‘8 ಸೀದಾ, 2 ಸೇರಿಸಿ ಒಂದು’ ಎಂಬಲ್ಲಿಂದ ಶುರು ಮಾಡಿ.

ಬರಹವೋ, ಚಾರ್ಟೋ

ಸಾದಾ ಟೋಪಿಗೆ ಬರಹ ಸಾಕು. ಕೇಬಲ್, ಲೇಸ್, ಎರಡು ಬಣ್ಣಕ್ಕೆ ಚಾರ್ಟ್ (ಚೌಕಗಳಲ್ಲಿ ಗುರುತು ಹಾಕಿದ ಕುಣಿಕೆಗಳ ನಕ್ಷೆ) ಇಲ್ಲದ ಪ್ಯಾಟರ್ನ್ ಹಿಡಿದರೆ ಎಲ್ಲಿದ್ದೇವೆಂದೇ ತಿಳಿಯುವುದಿಲ್ಲ. ಚಾರ್ಟ್ ಭಾಷೆ ಬಾರದವರಿಗೂ ಅರ್ಥವಾಗುತ್ತದೆ, ಜಪಾನಿ ಪ್ಯಾಟರ್ನ್‌ಗಳನ್ನು ಹೊರಗಿನವರು ಹೆಣೆಯುವುದು ಚಾರ್ಟಿನ ಬಲದಿಂದಲೇ. ಚಪ್ಪಟೆ ಹೆಣಿಗೆಯಲ್ಲಿ ಮುಂಬದಿಯ ಸಾಲನ್ನು ಬಲದಿಂದ ಎಡಕ್ಕೆ, ಹಿಂಬದಿಯದನ್ನು ಎಡದಿಂದ ಬಲಕ್ಕೆ ಓದಬೇಕು. ಸುತ್ತು ಹೆಣಿಗೆಯಲ್ಲಿ ಎಲ್ಲವೂ ಬಲದಿಂದ ಎಡಕ್ಕೆ.

ನೀವೇ ಹಂಚುವಾಗ

ಬೇರೆಯವರ ಉಚಿತ ಪ್ಯಾಟರ್ನ್ ಇಷ್ಟವಾದರೆ ಅದರ ಫೈಲನ್ನು ಹಂಚುವುದಕ್ಕಿಂತ ಅದು ಇರುವ ಜಾಗದ ಕೊಂಡಿ ಹಂಚುವುದು ಸರಿ. ಉಚಿತ ಎಂದರೆ ಓದಿ ಹೆಣೆಯಲು ಉಚಿತ; ಬರಹ, ಚಾರ್ಟ್, ಫೋಟೊಗಳ ಹಕ್ಕು ಬರೆದವರದ್ದೇ. ಕೊಂಡಿ ಕೊಟ್ಟರೆ ಇನ್ನೊಂದು ಲಾಭ, ಬರೆದವರು ತಪ್ಪು ತಿದ್ದಿದಾಗ ತಿದ್ದಿದ್ದೇ ಎಲ್ಲರಿಗೂ ಸಿಗುತ್ತದೆ. ಹಳೆಯ ಫೈಲ್ ಕೈಯಿಂದ ಕೈಗೆ ಹೋದರೆ ತಪ್ಪೂ ಜೊತೆಗೆ ಹೋಗುತ್ತದೆ. 2 ಸೀದಾ 2 ಉಲ್ಟಾದಂಥ ನೇಯ್ಗೆ ಯಾರ ಸ್ವತ್ತೂ ಅಲ್ಲ, ಅದನ್ನು ಬಳಸಿ ನಿಮ್ಮದೇ ಮಾತಿನಲ್ಲಿ, ನಿಮ್ಮದೇ ಲೆಕ್ಕದಲ್ಲಿ ಟೋಪಿ ಬರೆದರೆ ಅದು ನಿಮ್ಮದು. ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ಕಳೆದ ಪ್ಯಾಟರ್ನ್‌ಗಳು ಅಲ್ಲಿ ಹಕ್ಕುಮುಕ್ತ. ಬೇರೆ ದೇಶಗಳ ಲೆಕ್ಕ ಬೇರೆ. ಅಷ್ಟು ಹಳೆಯವಕ್ಕೆ ಗೇಜ್ ಇರುವುದು ಅಪರೂಪ.

ಸ್ವಂತದ್ದನ್ನು ಹಂಚುವಾಗ ಪರವಾನಗಿಯನ್ನು ಒಂದು ಸಾಲಿನಲ್ಲಿ ಬರೆದುಬಿಡಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಿಂದ ಇವೆ, ಈಗಿನ 4.0 ಆವೃತ್ತಿ 2013ರದ್ದು. ಹೆಸರು ಹೇಳಿದರೆ ಯಾರು ಬೇಕಾದರೂ ಹಂಚಲಿ, ತಿದ್ದಲಿ ಎಂದರೆ ಸಿಸಿ ಬಿವೈ. ಅದನ್ನು ಮಾರಿಕೊಳ್ಳಬಾರದು ಎಂದರೆ ಸಿಸಿ ಬಿವೈ-ಎನ್‌ಸಿ. ತಿದ್ದಿದವರೂ ಇದೇ ಷರತ್ತಿನಲ್ಲಿ ಹಂಚಬೇಕೆಂದರೆ ಸಿಸಿ ಬಿವೈ-ಎಸ್‌ಎ. ಏನೂ ಷರತ್ತು ಬೇಡವೆಂದರೆ ಸಿಸಿ ಝೀರೊ. ಸಾದಾ ಟೋಪಿ, ಕುಲಾವಿಗಳಿಗೆ ಬಿವೈ ಸಾಕು ಎನ್ನುವುದು ನಮ್ಮ ಮತ. ಎನ್‌ಸಿ ಹಾಕಿದರೆ, ಹೆಣೆದ ಟೋಪಿಯನ್ನು ಮಾರಬಹುದೇ ಎಂದು ಕೇಳುವವರು ಬರುತ್ತಲೇ ಇರುತ್ತಾರೆ, ಅದಕ್ಕೊಂದು ಉತ್ತರವನ್ನೂ ಪ್ಯಾಟರ್ನ್‌ನಲ್ಲೇ ಬರೆದಿಡಬೇಕಾಗುತ್ತದೆ.

ಕೈಬರಹದ ಹಾಳೆಯ ಫೋಟೊ ಹಂಚುವುದು ಸುಲಭ, ಓದುವುದು ಕಷ್ಟ: ಹುಡುಕಲಾಗದು, ಅನುವಾದಿಸಲಾಗದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಸಿಗದು. ಬರಹವನ್ನು ಬರಹವಾಗಿಯೇ ಕೊಡಿ, ಚಾರ್ಟನ್ನು ಮಾತ್ರ ಚಿತ್ರವಾಗಿ. ಚಾರ್ಟಿನಲ್ಲಿ ಬಣ್ಣದ ಜೊತೆಗೆ ಗುರುತೂ ಇರಲಿ. ಕಪ್ಪುಬಿಳುಪು ಪ್ರಿಂಟ್‌ನಲ್ಲಿ ಕೆಂಪು, ಹಸಿರು ಒಂದೇ ಆಗುತ್ತವೆ. ಹಲವು ಅಳತೆ ಕೊಡುವುದಾದರೆ ಪ್ರತಿ ಅಳತೆಯನ್ನೂ ಇನ್ನೊಬ್ಬರ ಕೈಯಲ್ಲಿ ಒಮ್ಮೆಯಾದರೂ ಹೆಣೆಸಿ ನೋಡಿ, ಏಕೆಂದರೆ ತಪ್ಪು ಕೂತಿರುವುದು ಸಾಮಾನ್ಯವಾಗಿ ನೀವು ಹೆಣೆಯದ ಅಳತೆಯಲ್ಲೇ. ಮೇಲ್ಭಾಗದಲ್ಲಿ ಆವೃತ್ತಿಯ ಸಂಖ್ಯೆ, ತಾರೀಖು ಹಾಕಿ. ತಿದ್ದಿದಾಗ ಯಾವ ಸಾಲು, ಮೊದಲೇನಿತ್ತು, ಈಗೇನು ಎಂದು ಕೆಳಗೆ ಬರೆಯಿರಿ. ಅರ್ಧ ಹೆಣೆದು ನಿಲ್ಲಿಸಿದವರು ಬಿಚ್ಚಬೇಕೋ ಬೇಡವೋ ಎಂದು ಅದನ್ನು ನೋಡಿಯೇ ತೀರ್ಮಾನಿಸುವುದು.